ನೀಲಿ ನಿಲ್ಲುವ ಹನಿ

ನಿಂಬೆರಸದಲ್ಲಿ ವಿಟಮಿನ್ ಸಿ ಎಷ್ಟಿದೆ ಎಂದು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಬ್ಯೂರೆಟ್, ಅಯೋಡಿನ್ ದ್ರಾವಣ, ತುಸು ಪಿಷ್ಟದ ತಿಳಿ ಸಾಕು. ಈ ಪ್ರಯೋಗದ ಮೇಲೆ ನನಗೆ ತೀರದ ಮೋಹ. ಹನಿಹನಿಯಾಗಿ ಇಳಿಯುವ ಅಯೋಡಿನ್ನನ್ನು ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಅಯೋಡೈಡ್ ಆಗಿಸಿಬಿಡುತ್ತದೆ. ಹನಿ ಬಿದ್ದಲ್ಲಿ ಮೂಡಿದ ನೀಲಿ, ಫ್ಲಾಸ್ಕ್ ಅಲುಗಿಸಿದೊಡನೆ ಮಾಯ. ಬರಬರುತ್ತಾ ಅದು ಮಾಯವಾಗಲು ತಡಮಾಡುತ್ತದೆ. ಕೈ ನಿಧಾನವಾಗಬೇಕಾದದ್ದು ಆಗಲೇ. ಆಮ್ಲವೆಲ್ಲ ಮುಗಿದ ಮೇಲೆ ಬಿದ್ದ ಒಂದೇ ಹನಿ ಪಿಷ್ಟದೊಡನೆ ಕೂಡಿ ಇಡೀ ದ್ರಾವಣಕ್ಕೆ ನೀಲಿ ಹಿಡಿಸುತ್ತದೆ, ಆ ನೀಲಿ ನಿಲ್ಲುತ್ತದೆ. ಒಂದು ಅಣುವಿಗೆ ಒಂದು ಅಣು, ಎಂಥ ನೇರ ಲೆಕ್ಕ! 0.005 ಮೋಲಾರ್ ಅಯೋಡಿನ್ ದ್ರಾವಣದ ಪ್ರತಿ ಮಿಲಿಲೀಟರಿಗೆ 0.88 ಮಿಲಿಗ್ರಾಂ ವಿಟಮಿನ್. ರಸವನ್ನು ಮಾತ್ರ ಹಿಂಡಿದ ಕೂಡಲೇ ಅಳೆಯಬೇಕು. ಗಾಳಿ ತಾಗಿದಷ್ಟೂ ವಿಟಮಿನ್ ನಶಿಸುತ್ತಾ ಹೋಗುತ್ತದೆ.