ಏಳು ವರ್ಷದಲ್ಲಿ 4,20,000 ಬೆಕ್ಕುಗಳೇ?

ತಿಪಟೂರು ಸೀಮೆಯ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಬೆಕ್ಕುಗಳ ಸಂಖ್ಯೆಯ ನಿಯಂತ್ರಣವನ್ನು ಕುರಿತು ಮಕ್ಕಳು ಒಂದು ಭಿತ್ತಿಪತ್ರ ಬರೆದಿದ್ದರು. ‘ಒಂದು ಜೋಡಿ ಕಾಡುಬೆಕ್ಕು ಏಳು ವರ್ಷದಲ್ಲಿ 4,20,000!’ ಎಂಬುದು ಅದರ ತಲೆಬರಹ. ಬೆಕ್ಕುಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿರಿ ಎಂಬುದು ಅದರ ಸಂದೇಶ. ನನ್ನ ಪಕ್ಕದಲ್ಲೇ ನಿಂತು ಅದನ್ನು ಓದಿದ ತೆಂಗು ಬೆಳೆಗಾರರೊಬ್ಬರು ಕೇಳಿದರು: “ನಾಲ್ಕು ಲಕ್ಷ ಆಗ್ತವೆ ಅಂದ್ರೆ ಆಪರೇಷನ್ ಯಾವ ಮೂಲೆಗೆ ಸಾಕು ಮೇಷ್ಟ್ರೇ? ವಿಷ ಇಡೋದೇ ವಾಸಿ ಅಲ್ವಾ?”

ಜೀವ ಉಳಿಸಲೆಂದು ಬರೆದ ಸಂಖ್ಯೆ ಜೀವ ತೆಗೆಯುವ ಆಲೋಚನೆಗೆ ದಾರಿ ಮಾಡಿತು. ಮಕ್ಕಳ ಉದ್ದೇಶದಲ್ಲಿ ದೋಷವಿಲ್ಲ. ಈ ಸಂಖ್ಯೆ ಹಲವು ದೇಶಗಳ ಪ್ರಾಣಿದಯಾ ಪ್ರಚಾರದಲ್ಲಿ ದಶಕಗಳಿಂದ ಓಡಾಡುತ್ತಿದೆ. ಆದರೆ ವಿಜ್ಞಾನದಲ್ಲಿ ಒಳ್ಳೆಯ ಉದ್ದೇಶ ತಪ್ಪು ಲೆಕ್ಕಕ್ಕೆ ರಕ್ಷಣೆಯಾಗಲಾರದು. ಆ ಭಿತ್ತಿಪತ್ರವನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಪದದ ವಿಚಾರ. ಕಾಡುಬೆಕ್ಕು ಒಂದು ಬೇರೆಯೇ ವನ್ಯಜೀವಿ. ಉದ್ದ ಕಾಲು, ಗಿಡ್ಡ ಬಾಲದ ಈ ಪ್ರಾಣಿ ಕೆರೆಯಂಚಿನ ಜೊಂಡಿನಲ್ಲಿ, ಕುರುಚಲು ಪ್ರದೇಶದಲ್ಲಿ ಬದುಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ನೀಡಿದೆ. ನಮ್ಮ ವಿಷಯವಾದ ಪ್ರಾಣಿ ಮನೆಬೆಕ್ಕಿನ ಸಂತತಿಯೇ. ಹುಟ್ಟಿದ 2ರಿಂದ 7ನೇ ವಾರದೊಳಗೆ ಮನುಷ್ಯರ ಒಡನಾಟ ಸಿಗದ ಮರಿ ಮುಂದೆ ಜನರನ್ನು ಕಂಡರೆ ಓಡುತ್ತದೆ. ಇದನ್ನು ‘ಬೀಡಾಡಿ ಬೆಕ್ಕು’ ಎನ್ನುವುದು ಸರಿ.

ಈಗ ಸಂಖ್ಯೆಯ ವಿಚಾರ. ಎರಡು ಬೆಕ್ಕು 4,20,000 ಆಗಬೇಕಾದರೆ ಸಂಖ್ಯೆ ಸುಮಾರು 17.7 ಸಲ ಇಮ್ಮಡಿಯಾಗಬೇಕು. ಏಳು ವರ್ಷವೆಂದರೆ 84 ತಿಂಗಳು. ಅಂದರೆ ಪ್ರತಿ ನಾಲ್ಕು ಮುಕ್ಕಾಲು ತಿಂಗಳಿಗೊಮ್ಮೆ ಬೆಕ್ಕುಗಳು ಇಮ್ಮಡಿಯಾಗುತ್ತಲೇ ಇರಬೇಕು. ಇದೇ ದರದಲ್ಲಿ ಇನ್ನು ಮೂರು ವರ್ಷ ಮುಂದುವರಿದರೆ ಆ ಒಂದೇ ಜೋಡಿಯ ಸಂತತಿ ಸುಮಾರು 8 ಕೋಟಿ! 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ಉತ್ತರ ಇಷ್ಟು ಅಸಂಬದ್ಧವಾಗಿ ಬಂದಾಗ ಊಹೆಗಳನ್ನು ಸಂದೇಹಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು. ಇಲ್ಲಿ ಅಡಗಿರುವ ಊಹೆ ಏನು? ಹುಟ್ಟಿದ ಮರಿಗಳು ಸಾಯುವುದೇ ಇಲ್ಲ ಎಂಬುದು.

ವಾಸ್ತವ ಬೇರೆ. ಅಮೆರಿಕದ ಉತ್ತರ ಕೆರೊಲಿನಾದ ಬೀಡಾಡಿ ಬೆಕ್ಕುಗಳ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಂದು ಹೆಣ್ಣುಬೆಕ್ಕು ವರ್ಷಕ್ಕೆ ಸರಾಸರಿ 1.4 ಸಲ ಮರಿ ಹಾಕುತ್ತದೆ, ಒಂದು ಸೂಲಿನಲ್ಲಿ ಸಾಮಾನ್ಯವಾಗಿ 3 ಮರಿ. ಗಮನಿಸಿದ 169 ಮರಿಗಳಲ್ಲಿ 127, ಅಂದರೆ ಶೇಕಡ 75, ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ನಮ್ಮೂರಿನ ಅಂಕಿಗಳು ಸ್ವಲ್ಪ ಬೇರೆಯಾಗಬಹುದು; ಲೆಕ್ಕದ ಕ್ರಮ ಇದೇ.

ಹೆಣ್ಣುಬೆಕ್ಕುಗಳನ್ನಷ್ಟೇ ಎಣಿಸೋಣ. ವರ್ಷಕ್ಕೆ 1.4 × 3 = 4.2 ಮರಿ. ಬದುಕುವುದು ಕಾಲುಭಾಗ, 1.05. ಅದರಲ್ಲಿ ಅರ್ಧ ಹೆಣ್ಣು, 0.525. ದೊಡ್ಡ ಬೆಕ್ಕುಗಳು ಸಾಯುವುದೇ ಇಲ್ಲವೆಂದು ಇಟ್ಟುಕೊಂಡರೂ ವರ್ಷಕ್ಕೆ 1.525 ಪಟ್ಟು ಏರಿಕೆ. ಏಳು ವರ್ಷಕ್ಕೆ 19 ಹೆಣ್ಣು. ಗಂಡೂ ಅಷ್ಟೇ ಎಂದರೆ ಒಟ್ಟು 38. ದೊಡ್ಡ ಬೆಕ್ಕುಗಳಲ್ಲಿ ವರ್ಷಕ್ಕೆ ಶೇಕಡ 70 ಬದುಕುತ್ತವೆಂದು ಭಾವಿಸಿದರೆ (ಇದು ನನ್ನ ಊಹೆ) ವಾರ್ಷಿಕ ಗುಣಕ 0.7 + 0.525 = 1.225. ಆಗ ಏಳು ವರ್ಷದ ಕೊನೆಗೆ ಒಟ್ಟು ಎಂಟು ಬೆಕ್ಕು. ನಾಲ್ಕು ಲಕ್ಷವಲ್ಲ, ಎಂಟು!

ಹಾಗಾದರೆ ಸಮಸ್ಯೆಯೇ ಇಲ್ಲವೇ? ಇದೆ. ಬದುಕದ ಆ ಶೇಕಡ 75 ಮರಿಗಳು ಹಸಿವಿನಿಂದ, ರೋಗದಿಂದ, ನಾಯಿಗಳ ಬಾಯಲ್ಲಿ, ರಸ್ತೆಯಲ್ಲಿ ಸಾಯುತ್ತವೆ. ಭಿತ್ತಿಪತ್ರ ಹೇಳಬೇಕಾಗಿದ್ದ ಸಂಗತಿ ಇದು. ಪ್ರಕೃತಿಯ ಈ ಕ್ರೂರ ‘ನಿಯಂತ್ರಣ’ದ ಬದಲು ಮರಿಗಳು ಹುಟ್ಟದಂತೆ ನೋಡಿಕೊಳ್ಳುವುದೇ ದಯೆಯ ದಾರಿ.

ಎಷ್ಟು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಬೇಕು? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಮಾಣು ಸ್ಥಾವರದ ಸರಪಳಿ ಕ್ರಿಯೆ ಗೊತ್ತಿದೆ: ಗುಣಕ 1ಕ್ಕಿಂತ ಕೆಳಗಿಳಿದರೆ ಕ್ರಿಯೆ ತಾನಾಗಿ ನಂದುತ್ತದೆ. ಇಲ್ಲಿಯೂ ಹಾಗೆಯೇ. ಮೇಲಿನ ಅಂಕಿಗಳಂತೆ ಶೇಕಡ 43ಕ್ಕಿಂತ ಹೆಚ್ಚು ಹೆಣ್ಣುಬೆಕ್ಕುಗಳಿಗೆ ಚಿಕಿತ್ಸೆಯಾದರೆ ಗುಣಕ 1ಕ್ಕಿಂತ ಕಡಿಮೆಯಾಗುತ್ತದೆ. ಆದರೆ ಅವಸರ ಬೇಡ. ಮರಿಗಳು ಕಡಿಮೆಯಾದರೆ ಉಳಿದವಕ್ಕೆ ಆಹಾರ ಹೆಚ್ಚು ಸಿಕ್ಕಿ, ಬದುಕುವ ಪ್ರಮಾಣ ಏರಬಹುದು. ಅದು ಶೇಕಡ 25ರಿಂದ 50ಕ್ಕೆ ಏರಿದರೆ ನಮ್ಮ ಮಿತಿ ಶೇಕಡ 71ಕ್ಕೆ ಜಿಗಿಯುತ್ತದೆ. ಕ್ಯಾಲಿಫೋರ್ನಿಯ ಮತ್ತು ಫ್ಲಾರಿಡದ ಎರಡು ಕಾರ್ಯಕ್ರಮಗಳನ್ನು ವಿಶ್ಲೇಷಿಸಿದ 2005ರ ಪ್ರಬಂಧ ಶೇಕಡ 71ರಿಂದ 94 ಬೇಕೆಂದಿತು. ನಮ್ಮ 71 ಅದಕ್ಕೆ ಸರಿಹೊಂದಿದ್ದು ಭಾಗಶಃ ಆಕಸ್ಮಿಕ. ತಾತ್ಪರ್ಯ ಮಾತ್ರ ಸ್ಪಷ್ಟ: ಹತ್ತು ಹೆಣ್ಣುಬೆಕ್ಕಿರುವ ಕಡೆ ಎರಡಕ್ಕೆ ಮಾಡಿಸಿ ಕೈತೊಳೆದುಕೊಂಡರೆ ಫಲವಿಲ್ಲ, ಎಂಟಕ್ಕೆ ಮಾಡಿಸಿದರೆ ಉಂಟು. ಅರ್ಧ ಊರಿಗೆ ಹಂಚುವ ಬದಲು ಒಂದು ಬೀದಿಯನ್ನು ಪೂರ್ತಿ ಮುಗಿಸಿ.

ಇನ್ನು ವಿಷದ ಮಾತು. ಟ್ಯಾಸ್ಮೇನಿಯದ ಕಾಡಿನಲ್ಲಿ ಬೆಕ್ಕುಗಳನ್ನು ಅಲ್ಪ ಪ್ರಮಾಣದಲ್ಲಿ ಕೊಂದು ನೋಡಿದ ಅಧ್ಯಯನದಲ್ಲಿ, ಕೊಲ್ಲುತ್ತಿದ್ದ ಅವಧಿಯಲ್ಲೇ ಅವುಗಳ ಸಂಖ್ಯೆ ಎರಡು ಸ್ಥಳಗಳಲ್ಲಿ ಸರಾಸರಿ ಶೇಕಡ 75 ಮತ್ತು 211 ಏರಿತು. ತೆರವಾದ ಜಾಗಕ್ಕೆ ಸುತ್ತಲಿನವು ಬಂದು ಸೇರಿರಬಹುದು. ನಮ್ಮ ಊರುಗಳಿಗೂ ಬೇಲಿಯಿಲ್ಲ. ಅಲ್ಲದೆ, ಪ್ರಾಣಿಗಳಿಗೆ ಅಕಾರಣವಾಗಿ ವಿಷವಿಕ್ಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ನಮ್ಮ ಸೀಮೆಯಲ್ಲಿ ವಿಷ ಇನ್ನೊಂದು ದಾರಿಯಲ್ಲೂ ಬೆಕ್ಕನ್ನು ತಲಪುತ್ತದೆ. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಎಂಟು-ಹತ್ತು ತಿಂಗಳು ಅಟ್ಟದಲ್ಲಿ ಕೂಡಿಡುತ್ತೇವೆ. ಇಲಿಗೆ ಅಟ್ಟವೂ ಪ್ರಿಯ, ಮರದ ಸುಳಿಯೂ ಪ್ರಿಯ. ತೋಟದಲ್ಲಿ ಐದು ಮರಕ್ಕೊಂದರಂತೆ ಸುಳಿಯಲ್ಲಿ ಬ್ರೋಮಡಯೊಲೋನ್ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಸಲ ಇಡುವ ಶಿಫಾರಸು ಇದೆ. ಈ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಅದನ್ನು ಹಿಡಿದು ತಿಂದ ಬೆಕ್ಕಿಗೂ ಅಪಾಯ. ಕಾಂಡಕ್ಕೆ ತಗಡಿನ ಪಟ್ಟಿ ಸುತ್ತುವುದು ವಿಷವಿಲ್ಲದ ಉಪಾಯ. ಗರಿಗಳು ಪಕ್ಕದ ಮರಕ್ಕೆ ತಾಗದಿದ್ದರೆ ಅದು ಚೆನ್ನಾಗಿ ಫಲಿಸುತ್ತದೆ.

‘ಆಪರೇಷನ್ ಆದ ಬೆಕ್ಕು ಇಲಿ ಹಿಡಿಯದು’ ಎಂಬ ಭಯವಿದೆ. ಶಸ್ತ್ರಚಿಕಿತ್ಸೆ ಬೇಟೆಯ ಸ್ವಭಾವವನ್ನು ತೆಗೆಯುವುದಿಲ್ಲ. ಹಾಗೆಂದು ಬೆಕ್ಕಿನ ಶಕ್ತಿಯನ್ನು ಉತ್ಪ್ರೇಕ್ಷಿಸುವುದೂ ಬೇಡ. ನ್ಯೂಯಾರ್ಕಿನ ತ್ಯಾಜ್ಯ ಘಟಕವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ (2018ರ ವರದಿ) ಬೆಕ್ಕುಗಳು ಕೊಂದದ್ದು ಎರಡೇ ಹೆಗ್ಗಣ. ಅಟ್ಟದ ಕಿಂಡಿಗೆ ಜಾಲರಿ ಹೊಡೆಸುವುದಕ್ಕೆ ಬೆಕ್ಕು ಬದಲಿಯಾಗದು.

ಕೊನೆಯದಾಗಿ, ನಾವೆಲ್ಲ ಕಂಡೂ ಕಾಣದಂತಿರುವ ರೂಢಿಯೊಂದಿದೆ: ಮರಿಗಳನ್ನು ಚೀಲದಲ್ಲಿ ಹಾಕಿ ಪಕ್ಕದೂರಿಗೋ ಸಂತೆಮಾಳಕ್ಕೋ ಬಿಟ್ಟುಬರುವುದು. ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನ ನಮಗೆ. ಲೆಕ್ಕ ಹಾಕಿ: ಹಾಗೆ ಬಿಟ್ಟ ಎರಡು ಹೆಣ್ಣುಮರಿ ಬದುಕಿದರೆ, ಆ ಊರಿನಲ್ಲಿ ನಾಲ್ಕು ಹೆಣ್ಣುಬೆಕ್ಕುಗಳಿಗೆ ಮಾಡಿಸಿದ ಶಸ್ತ್ರಚಿಕಿತ್ಸೆಯ ಒಂದು ವರ್ಷದ ಫಲ ವ್ಯರ್ಥ. ಬದುಕದಿದ್ದರೆ ಅದು ನಿಧಾನವಾದ ಕೊಲೆ.

ಶಿಕ್ಷಕರಲ್ಲಿ ನನ್ನ ಸಲಹೆ ಇದು. ಮುಂದಿನ ವಸ್ತುಪ್ರದರ್ಶನಕ್ಕೆ ಅದೇ ವಿಷಯ ಕೊಡಿ, ಆದರೆ ಸಂಖ್ಯೆ ಹೊರಗಿನಿಂದ ಬರಬಾರದು. ತಿಪಟೂರಾಗಲಿ, ತುರುವೇಕೆರೆಯಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ವಿದ್ಯಾರ್ಥಿಗಳು ತಮ್ಮ ಒಂದು ಬೀದಿಯ ಬೆಕ್ಕುಗಳನ್ನು ಬಣ್ಣ, ಗುರುತು ಬರೆದುಕೊಂಡು ತಿಂಗಳಿಗೊಮ್ಮೆ ಎಣಿಸಲಿ. ಮುಟ್ಟುವುದು, ಹಿಡಿಯುವುದು ಬೇಡ; ಬೆಕ್ಕು ಕಚ್ಚಿದರೂ ರೇಬೀಸ್ ಬರಬಹುದು. ಕಚ್ಚಿದರೆ ಸಾಬೂನಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಿದ್ಧವಾದ ಪಟ್ಟಿಯೊಂದಿಗೆ ಹಿರಿಯರು ಪಶುವೈದ್ಯರನ್ನು ಕಾಣಲಿ. ಐದು ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ಮೊದಲ ಸೂಲೇ ತಪ್ಪುತ್ತದೆ. ಆದ ಬೆಕ್ಕಿನ ಕಿವಿಯ ತುದಿ ಕತ್ತರಿಸಿ ಗುರುತು ಮಾಡಿದರೆ ಅದನ್ನು ಮತ್ತೆ ಹಿಡಿಯುವ ಹಿಂಸೆ ಇರದು.

ಆ ಬೆಳೆಗಾರರಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈಗ ಹೇಳಬಲ್ಲೆ: ನಾಲ್ಕು ಲಕ್ಷದ ಮುಂದೆ ಯಾರಿಗಾದರೂ ಕೈ ಸೋಲುತ್ತದೆ. ನಿಮ್ಮ ಬೀದಿಯ ಬೆಕ್ಕುಗಳನ್ನು ಎಣಿಸಿ ನೋಡಿ. ಬಹುಶಃ ಅವು ಒಂದು ಪುಟದ ಪಟ್ಟಿಯಲ್ಲಿ ಮುಗಿಯುತ್ತವೆ.