ದನಿ ಬಾಕಿ ಉಳಿದ ಹಾಡು

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಎಂದೊಡನೆ ಅವಳ ಕುಡಿತ, ಮಾದಕವಸ್ತು, ಇಪ್ಪತ್ತೇಳರ ಸಾವು, ಇವೇ ಮಾತಿಗೆ ಬರುತ್ತವೆ. ಗಂಡಸಾದರೆ ಇದೇ ದಂತಕಥೆ. ಹೆಂಗಸಾದರೆ ನಡತೆಯ ಪಾಠ! ನನಗೆ ಮುಖ್ಯ ಅವಳ ಕಂಠ. ಆ ಒಡಕು ದನಿಯನ್ನು ಅರಚಾಟವೆಂದು ಮೂಗು ಮುರಿಯುವವರು ಅವಳ 'ಸಮ್ಮರ್‌ಟೈಮ್' ಕೇಳಬೇಕು. ಪಿಸುಮಾತಿನಿಂದ ಚೀತ್ಕಾರದವರೆಗೆ ಎಷ್ಟು ಮೆಟ್ಟಿಲುಗಳಿವೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಲಿತದ್ದು ಬೆಸ್ಸಿ ಸ್ಮಿತ್‌ರಂಥ ಕಪ್ಪು ಗಾಯಕಿಯರಿಂದ. 1937ರಲ್ಲಿ ತೀರಿಕೊಂಡ ಬೆಸ್ಸಿಯ ಗೋರಿಗೆ ಒಂದು ಕಲ್ಲೂ ಇರಲಿಲ್ಲ. 1970ರಲ್ಲಿ ಅದಕ್ಕೆ ಹಣ ಕೊಟ್ಟವರಲ್ಲಿ ಜಾನಿಸ್ ಒಬ್ಬಳು. ಅದೇ ವರ್ಷ ಅಕ್ಟೋಬರಿನಲ್ಲಿ ಅವಳೂ ಹೋದಳು.

1971ರಲ್ಲಿ ಬಂದ 'ಪರ್ಲ್' ಧ್ವನಿಮುದ್ರಿಕೆಯಲ್ಲಿ ಒಂದು ಹಾಡಿಗೆ ಅವಳ ದನಿ ಸೇರಿಸುವುದು ಬಾಕಿಯಿತ್ತು. ವಾದ್ಯಗಳನ್ನಷ್ಟೇ ಉಳಿಸಿ ಹಾಗೇ ಹೊರತಂದರು. ಎರಡು ಚಿಲ್ಲರೆ ನಿಮಿಷ. ಈಗ ಎತ್ತಿಕೊಳ್ಳುತ್ತಾಳೆ, ಇಗೋ ಈಗ, ಎಂದು ಕಿವಿ ಕಾಯುತ್ತಲೇ ಇರುತ್ತದೆ.