ನೋಡಲು ಕಲಿಯುವುದು: ಚಿತ್ರ ರಸಗ್ರಹಣದ ತರಗತಿಗಳನ್ನು ಕುರಿತು

ಸಿನಿಮಾ ನೋಡುವುದನ್ನೂ ಕಲಿಯಬೇಕೆ? ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಬಹುಮಂದಿ ನಕ್ಕುಬಿಡುತ್ತಾರೆ. ಕಾವ್ಯ ಓದಲು ಛಂದಸ್ಸಿನ ಗಂಧ ಬೇಕು, ಸಂಗೀತ ಕೇಳಲು ಶ್ರುತಿ ತಾಳಗಳ ಪರಿಚಯವಾದರೂ ಬೇಕು ಎಂದು ಒಪ್ಪುವವರೂ ಸಿನಿಮಾಕ್ಕೆ ಎರಡು ಕಣ್ಣು, ಒಂದು ಟಿಕೆಟ್ಟು ಸಾಕೆಂದೇ ನಂಬಿದ್ದಾರೆ. ಈ ನಂಬಿಕೆಯಲ್ಲಿ ಸತ್ಯವೇ ಇಲ್ಲವೆಂದಲ್ಲ. ಅಕ್ಷರ ಬಾರದವನೂ ಚಿತ್ರಮಂದಿರದಲ್ಲಿ ಕುಳಿತು ನಗಬಲ್ಲ, ಅಳಬಲ್ಲ. ಬಾಗಿಲನ್ನು ಇಷ್ಟು ಅಗಲವಾಗಿ ತೆರೆದಿಟ್ಟ ಕಲೆ ಬೇರೊಂದಿಲ್ಲ. ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಮನೆಯನ್ನೆಲ್ಲ ನೋಡಿದಂತಾಗುವುದಿಲ್ಲ.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ಕರಾವಳಿಯ ಹಳ್ಳಿಯ ಪ್ರೇಕ್ಷಕ ಯಾವ ಕಾಲೇಜಿಗೂ ಹೋದವನಲ್ಲ. ಆದರೂ ಭಾಗವತರ ಎತ್ತುಗಡೆ ಸ್ವಲ್ಪ ತಪ್ಪಿದರೆ ಅವನ ಹುಬ್ಬು ಗಂಟಿಕ್ಕುತ್ತದೆ. ಅರ್ಥ ಹೇಳುವವರಲ್ಲಿ ಯಾರು ಹದ ಮೀರಿದರು, ಯಾರು ಪಾತ್ರವನ್ನು ಉಳಿಸಿಕೊಂಡರು ಎಂಬ ತೀರ್ಪು ಬೆಳಗಿನ ಚಹದ ಹೊತ್ತಿಗೆ ಸಿದ್ಧವಾಗಿರುತ್ತದೆ. ಈ ಪರಿಣತಿ ಹುಟ್ಟಿನಿಂದ ಬಂದದ್ದಲ್ಲ. ಅಜ್ಜನ ಮಗ್ಗುಲಲ್ಲಿ ಕುಳಿತು, ಅರೆನಿದ್ದೆಯಲ್ಲಿ ಇರುಳುಗಳನ್ನು ಕಳೆದು, ದೊಡ್ಡವರ ಮಾತಿಗೆ ಕಿವಿಗೊಟ್ಟು ಪಡೆದ ಶಿಕ್ಷಣ ಅದು. ಸಿನಿಮಾಕ್ಕೆ ಅಂಥ ಅಜ್ಜನೊಬ್ಬ ನಮಗೆ ದೊರೆಯಲಿಲ್ಲ. ಕತ್ತಲೆಯಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ನೋಡಿದೆವು. ಹೊರಗೆ ಬಂದು ‘ಕತೆ ಚೆನ್ನಾಗಿದೆ’, ‘ಹಾಡು ಪರವಾಗಿಲ್ಲ’ ಎಂದು ಮನೆಗೆ ನಡೆದೆವು. ಚಿತ್ರ ರಸಗ್ರಹಣದ ತರಗತಿಯೆಂದರೆ ಆ ಅಜ್ಜನ ಜಾಗವನ್ನು ತುಂಬುವ ಪ್ರಯತ್ನ. ಆ ಪ್ರಯತ್ನ ಎಷ್ಟರ ಮಟ್ಟಿಗೆ ಸಾರ್ಥಕ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ನಮ್ಮ ದೇಶದಲ್ಲಿ ಈ ವಿದ್ಯೆಗೊಂದು ಶಿಸ್ತು ಬಂದದ್ದು ಪುಣೆಯಲ್ಲಿ. 1936ರ ‘ಸಂತ ತುಕಾರಾಮ್’ ತಯಾರಾದ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿಕೊಂಡಿತು. ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದು ಫಿಲ್ಮ್ ಸೊಸೈಟಿ ನಡೆಸುತ್ತಿದ್ದ ಸತೀಶ್ ಬಹಾದುರ್ ಇನ್‌ಸ್ಟಿಟ್ಯೂಟಿಗೆ ರಸಗ್ರಹಣದ ಪ್ರಾಧ್ಯಾಪಕರಾಗಿ ಬಂದರು. ಸಂಗ್ರಹಾಲಯದಲ್ಲಿ ಪಿ. ಕೆ. ನಾಯರ್ ಚಿತ್ರಗಳನ್ನು ಹುಡುಕಿ ತಂದು ಉಳಿಸುತ್ತಿದ್ದರು. ಒಬ್ಬರು ಪಾಠ ಹೇಳುವವರು, ಇನ್ನೊಬ್ಬರು ಪುಸ್ತಕ ಭಂಡಾರವನ್ನು ಕಟ್ಟುವವರು. ಇಬ್ಬರೂ ಈಗಿಲ್ಲ, ಬಹಾದುರ್ 2010ರಲ್ಲಿ, ನಾಯರ್ 2016ರಲ್ಲಿ ತೀರಿಕೊಂಡರು. ಆದರೆ ಅಧ್ಯಾಪಕರು, ಪತ್ರಕರ್ತರು, ಫಿಲ್ಮ್ ಸೊಸೈಟಿಯ ಕಾರ್ಯಕರ್ತರು ಒಟ್ಟಿಗೆ ಕುಳಿತು ಬೆಳಗಿನಿಂದ ಇರುಳಿನವರೆಗೆ ಚಿತ್ರ ನೋಡಿ ಚರ್ಚಿಸುವ ಆ ಬೇಸಿಗೆ ಶಿಬಿರಗಳ ಮಾದರಿಯೇ ಮುಂದೆ ಅನೇಕ ಕಾಲೇಜುಗಳ ಪಾಠಕ್ರಮಕ್ಕೆ ದಾರಿಯಾಯಿತು.

ಬಹಾದುರ್ ಅವರ ಪಾಠದ ಕೇಂದ್ರದಲ್ಲಿದ್ದದ್ದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ವಿಧಾನ ಸರಳವಾದದ್ದು: ಮೊದಲು ಚಿತ್ರವನ್ನು ಇಡಿಯಾಗಿ ನೋಡುವುದು, ಬಳಿಕ ತುಂಡು ತುಂಡಾಗಿ ನಿಲ್ಲಿಸಿ ಪರಿಶೀಲಿಸುವುದು. ಕವಿತೆಯನ್ನು ಪದಚ್ಛೇದ ಮಾಡಿ ಅನ್ವಯಿಸಿ ಮತ್ತೆ ಒಂದಾಗಿ ಓದಿಕೊಳ್ಳುವ ನಮ್ಮ ಹಳೆಯ ಪಂಡಿತರ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಈ ವಿಧಾನದಿಂದ ಏನು ಕಾಣುತ್ತದೆ ಎಂಬುದಕ್ಕೆ ಒಂದು ಸನ್ನಿವೇಶ ಸಾಕು. ದೂರದೂರಿನಿಂದ ಹರಿಹರ ಮನೆಗೆ ಮರಳುತ್ತಾನೆ. ಮಗಳು ದುರ್ಗಾ ಸತ್ತಿರುವುದು ಅವನಿಗೆ ತಿಳಿಯದು, ನಮಗೆ ತಿಳಿದಿದೆ. ತಂದ ವಸ್ತುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತ ಕೊನೆಗೆ ಮಗಳಿಗೆಂದು ತಂದ ಸೀರೆಯನ್ನು ಅವಳ ಕೈಗಿಡುತ್ತಾನೆ. ಅಷ್ಟು ದಿನ ಕಲ್ಲಾಗಿದ್ದ ಸರ್ಬಜಯಾ ಒಡೆದುಹೋಗುತ್ತಾಳೆ. ಆದರೆ ಅವಳ ಅಳು ನಮಗೆ ಕೇಳಿಸುವುದಿಲ್ಲ. ಬಾಯಿ ತೆರೆದಿದೆ, ಮೈ ನಡುಗುತ್ತಿದೆ. ದನಿಯ ಜಾಗದಲ್ಲಿ ರವಿಶಂಕರರ ಸಂಗೀತ, ತಾರ್ ಶಹನಾಯಿಯ ಚೀರು. ಮೊದಲ ನೋಟದಲ್ಲಿ ನಾವು ಅತ್ತಿರುತ್ತೇವೆ, ಅಷ್ಟೆ. ಎರಡನೆಯ ನೋಟದಲ್ಲಿ, ಅಳುವಿನ ದನಿಯನ್ನು ತೆಗೆದದ್ದರಿಂದಲೇ ನಾವು ಅತ್ತೆವು ಎಂಬುದು ಅರಿವಾಗುತ್ತದೆ. ಆಕೆಯ ದನಿ ಕೇಳಿದ್ದರೆ ಅದು ಒಬ್ಬ ತಾಯಿಯ ಗೋಳಾಗುತ್ತಿತ್ತು. ಕೇಳದೆ ಹೋದದ್ದರಿಂದ ಅದು ನಮ್ಮ ನಮ್ಮ ಮನೆಯ ಸಾವುಗಳನ್ನೆಲ್ಲ ಕರೆಯಿತು. ಹೇಳದೆ ಉಳಿದದ್ದರಿಂದಲೇ ಹೊಮ್ಮುವ ಅರ್ಥಕ್ಕೆ ನಮ್ಮ ಮೀಮಾಂಸಕರು ಧ್ವನಿ ಎಂದು ಹೆಸರಿಟ್ಟರು. ಇಲ್ಲಿ ಧ್ವನಿ ಹುಟ್ಟಿದ್ದು ದನಿಯನ್ನು ಅಡಗಿಸಿದ್ದರಿಂದ!

‘ಏನು ನಡೆಯಿತು’ ಎಂಬ ಪ್ರಶ್ನೆಯಿಂದ ‘ಹೇಗೆ ನಡೆಯಿತು’ ಎಂಬ ಪ್ರಶ್ನೆಗೆ ಪ್ರೇಕ್ಷಕನನ್ನು ದಾಟಿಸುವುದು, ಇದೇ ಈ ತರಗತಿಗಳ ದೊಡ್ಡ ಲಾಭ. ಹೀಗೆ ದಾಟಿದವನಿಗೆ ಚಿತ್ರ ಬಡವಾಗುವುದಿಲ್ಲ. ವಿಶ್ಲೇಷಣೆಯಿಂದ ರಸ ಬತ್ತುತ್ತದೆ ಎಂಬ ಆಕ್ಷೇಪ ಹಳೆಯದು. ರಾಗದ ಹೆಸರು ತಿಳಿದವನಿಗೆ ರಾಗ ರುಚಿಸುವುದಿಲ್ಲ ಎಂದು ಯಾರೂ ಹೇಳಲಾರರು.

ಆದರೆ ಈ ತರಗತಿಗಳಿಗೆ ತಮ್ಮದೇ ರೋಗಗಳೂ ಇವೆ. ಮೊದಲನೆಯದು ಪರಿಭಾಷೆಯ ಮೋಹ. ಕ್ಲೋಸಪ್, ಮಾಂಟಾಜ್, ಮಿಸ್ ಆನ್ ಸೀನ್ ಎಂಬ ಪದಗಳನ್ನು ಕಲಿತವನು ಅವುಗಳನ್ನು ಚಿತ್ರದ ಮೇಲೆ ಚೀಟಿಯಂತೆ ಅಂಟಿಸಿ ಮುಂದೆ ಹೋಗುತ್ತಾನೆ; ಆ ಕ್ಲೋಸಪ್ ಅಲ್ಲಿಯೇ ಏಕೆ ಬಂತು ಎಂದು ಕೇಳುವುದಿಲ್ಲ. ಎರಡನೆಯದು ಸಂಕೇತಗಳ ಬೇಟೆ. ಹಾವು ಕಂಡರೆ ಕಾಮ, ಮಳೆ ಬಂದರೆ ಶುದ್ಧಿ, ರೈಲು ಕಂಡರೆ ಆಧುನಿಕತೆ. ‘ಪಥೇರ್ ಪಾಂಚಾಲಿ’ಯ ಕಾಶಹುಲ್ಲಿನ ಬಯಲಿನಲ್ಲಿ ಅಪು ದುರ್ಗಾ ಕಂಡ ರೈಲು ಆಧುನಿಕತೆಯ ಸಂಕೇತವೆಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಬರಬಹುದು. ಆದರೆ ರೈಲನ್ನು ಸಮೀಪದಿಂದ ಕಂಡದ್ದು ಅಪು. ಹಿಂದೆ ಓಡಿಬರುತ್ತ ಎಡವಿ ಬಿದ್ದ ದುರ್ಗಾಳಿಗೆ ಅದು ದಕ್ಕಲಿಲ್ಲ. ಮುಂದೆ ಊರು ಬಿಟ್ಟು ಹೋಗುವವನು ಅಪು, ಊರಿನಲ್ಲೇ ಮಣ್ಣಾಗುವವಳು ದುರ್ಗಾ ಎಂಬುದು ಆ ಓಟದಲ್ಲೇ ಇದೆ. ಸಂಕೇತದ ಚೀಟಿ ಅಂಟಿಸಿದವನಿಗೆ ಎಡವಿದ ಹುಡುಗಿ ಕಾಣುವುದಿಲ್ಲ. ಇದು ನೋಡಲು ಕಲಿತದ್ದಲ್ಲ, ನೋಡದಿರಲು ಕಲಿತದ್ದು.

ಮೂರನೆಯ ರೋಗ ಇನ್ನೂ ಗಂಭೀರವಾದದ್ದು: ಜನಪ್ರಿಯ ಚಿತ್ರಗಳ ಬಗೆಗಿನ ತಾತ್ಸಾರ. ಕನ್ನಡದ ಮಟ್ಟಿಗೆ ಹೇಳುವುದಾದರೆ, ರಸಗ್ರಹಣದ ತರಗತಿಯಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸಲ್ಲುತ್ತದೆ, ಸಲ್ಲಲೇಬೇಕು. ಕಾಸರವಳ್ಳಿಯವರು ಪುಣೆಯ ಅದೇ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ. ಚಿತ್ರ ಸ್ವರ್ಣಕಮಲ ಪಡೆಯಿತು. ಅನಂತಮೂರ್ತಿಯವರ ಕತೆಯಲ್ಲಿ ವಿಧವೆ ಯಮುನಕ್ಕನ ದುರಂತವನ್ನು ಕಾಣುವವನು ವೇದಪಾಠಕ್ಕೆ ಬಂದ ಎಳೆಯ ಹುಡುಗ ನಾಣಿ. ಅವನಿಗೆ ಕಾಣುತ್ತದೆ, ಅರ್ಥವಾಗುವುದಿಲ್ಲ. ನಮಗೆ ಅರ್ಥವಾಗುತ್ತದೆ, ಮಾಡುವುದಕ್ಕೇನೂ ಇಲ್ಲ. ಚಿತ್ರ ಹುಡುಗನ ಅರಿವಿನ ಎತ್ತರವನ್ನು ಬಿಟ್ಟು ಮೇಲೇಳಲು ಒಲ್ಲದು. ಆದ್ದರಿಂದಲೇ, ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಯಮುನಕ್ಕನನ್ನು ಬಿಟ್ಟು ಹುಡುಗ ಹೊರಟುಹೋಗುವಾಗ, ನಾವೂ ಬಿಟ್ಟುಹೋಗುವವರಲ್ಲಿ ಒಬ್ಬರಾಗುತ್ತೇವೆ. ಬದುಕಿರುವ ಮಗಳಿಗೆ ಗಡಿಗೆ ಒಡೆದು ಶ್ರಾದ್ಧ ಮಾಡುವ ಕ್ರೌರ್ಯವನ್ನು ಭಾಷಣವಿಲ್ಲದೆ ನಮ್ಮ ಕೊರಳಿಗೇ ಕಟ್ಟುವ ಕ್ರಮವಿದು.

ಸರಿ. ಆದರೆ 1972ರ ‘ಬಂಗಾರದ ಮನುಷ್ಯ’ವನ್ನು ಏನು ಮಾಡೋಣ? ಕನ್ನಡಿಗರ ಒಂದು ತಲೆಮಾರು ಎದೆಗವಚಿಕೊಂಡ ಚಿತ್ರವನ್ನು ‘ಕಮರ್ಷಿಯಲ್’ ಎಂಬ ಒಂದು ಪದದಿಂದ ಬಾಗಿಲಾಚೆ ನಿಲ್ಲಿಸುವುದು ವಿಮರ್ಶೆಯಲ್ಲ, ಮಡಿವಂತಿಕೆ. ತಾನೇ ಬೆಳೆಸಿದ ಹುಡುಗನ ಕಟುನುಡಿ ಕೇಳಿ ರಾಜೀವ ಊಟದ ನಡುವೆ ಎದ್ದು ಮನೆ ಬಿಟ್ಟು ನಡೆಯುತ್ತಾನೆ. ಉಣ್ಣುತ್ತಿರುವವನನ್ನು ಎಬ್ಬಿಸಬಾರದು ಎಂದು ನಂಬಿದ ಜನಕ್ಕೆ ಆ ಏಳುವಿಕೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಸಿದ್ಧಲಿಂಗಯ್ಯನವರಿಗೆ ಅದು ಗೊತ್ತಿತ್ತು, ರಾಜಕುಮಾರರಿಗೂ ಗೊತ್ತಿತ್ತು. ಆ ಚಿತ್ರದಲ್ಲಿ ಅತಿಯಾದದ್ದು, ಸಡಿಲವಾದದ್ದು ಬೇಕಾದಷ್ಟಿದೆ. ಆದರೆ ಸರ್ಬಜಯಾಳ ಅಳುವಿಗೆ ಕೇಳಿದ ‘ಹೇಗೆ’ ಎಂಬ ಪ್ರಶ್ನೆಯನ್ನು ರಾಜೀವನ ಎದ್ದುಹೋಗುವಿಕೆಗೂ ಕೇಳಲಾಗದಿದ್ದರೆ ತರಗತಿ ಕಲಿಸಿದ್ದು ವಿದ್ಯೆಯನ್ನಲ್ಲ, ಅಂತಸ್ತನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸರಿಸಮವೆಂದು ಹೇಳಬೇಕಾಗಿಲ್ಲ. ತೂಗದೆಯೇ ತೀರ್ಪು ಕೊಡಬಾರದು, ಅಷ್ಟೆ.

ಈ ಅಂತಸ್ತಿನ ಗೋಡೆಯನ್ನು ಒಡೆದು ತೋರಿಸಿದ ಕೀರ್ತಿ ಸಾಗರ ತಾಲೂಕಿನ ಹೆಗ್ಗೋಡಿಗೆ ಸಲ್ಲಬೇಕು. ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಆರಂಭಿಸಿ, ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಮುಂದೆ ರಸಗ್ರಹಣ ಶಿಬಿರಗಳನ್ನು ಕನ್ನಡದಲ್ಲಿ ನಡೆಸಿದರು, ಪುಣೆಯ ಬಹಾದುರ್ ಅವರನ್ನೂ ಅಲ್ಲಿಗೆ ಬರಮಾಡಿಕೊಂಡರು. ಹಳ್ಳಿಗರಿಗೆ ಇವೆಲ್ಲ ಅರ್ಥವಾದೀತೆ ಎಂದು ಪಟ್ಟಣದವರು ಕೇಳಿದ ಪ್ರಶ್ನೆಗೆ ತುಂಬಿದ ರಂಗಮಂದಿರವೇ ಉತ್ತರವಾಯಿತು. ಇರುಳಿಡೀ ಆಟ ನೋಡಿ ಬೆಳೆದ ಪ್ರೇಕ್ಷಕರಿಗೆ ನಿಧಾನವಾದ ಚಿತ್ರ ಹೊರೆಯಲ್ಲ. ಪುಣೆಯ ವಿದ್ಯೆಗೆ ಹೆಗ್ಗೋಡು ಕೊಟ್ಟದ್ದು ತಾಯ್ನುಡಿ. ಪರಿಭಾಷೆಯ ಮೋಹಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತನ್ನ ಮಾತಿನಲ್ಲಿ ವಿವರಿಸಹೊರಟವನು ನಿಜವಾಗಿ ಕಂಡದ್ದನ್ನಷ್ಟೇ ಹೇಳಬಲ್ಲ.

ಇದೆಲ್ಲ ಹೊರನಾಡಿನ ನಮಗೇಕೆ? ಕಾರಣವಿದೆ. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಕುವೆಂಪು, ಕಾರಂತರ ಪುಟಗಳು ಅವರಿಗೆ ಮುಚ್ಚಿವೆ. ತೆರೆದಿರುವ ಕನ್ನಡ ಕೃತಿಯೆಂದರೆ ಬಹುಮಟ್ಟಿಗೆ ಚಲನಚಿತ್ರ ಒಂದೇ. ಅದನ್ನೂ ನಾವು ರಾಜ್ಯೋತ್ಸವದ ಸಂಜೆಯ ಕಾಲಕ್ಷೇಪವಾಗಿ ತೋರಿಸಿ, ಉಪಾಹಾರ ಮುಗಿಸಿ ಕೈತೊಳೆದುಕೊಂಡರೆ ಅವರಿಗೆ ಉಳಿಯುವುದೇನು? ಹಿಂದೆ ಚಿತ್ರವನ್ನು ನಿಲ್ಲಿಸಿ ನೋಡಲು ಪುಣೆಯ ಸಂಕಲನದ ಮೇಜೇ ಬೇಕಾಗಿತ್ತು. ಇಂದು ಕೈಯಲ್ಲಿನ ಫೋನಿನಲ್ಲೇ ಯಾರು ಬೇಕಾದರೂ ನಿಲ್ಲಿಸಬಹುದು, ಹಿಂದಿರುಗಿಸಬಹುದು. ‘ಘಟಶ್ರಾದ್ಧ’ದ ಮೂಲವನ್ನು ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದೂ ಆಗಿದೆ. ಸಾಧನವಿದೆ, ಕೃತಿಯಿದೆ. ಇಲ್ಲದಿರುವುದು ಜೊತೆಯಲ್ಲಿ ಕುಳಿತು, ಇಡಿಯಾಗಿ ನೋಡಿ, ಆಮೇಲೆ ಮಾತಾಡುವ ವ್ಯವಧಾನ.

ಸಂಘದ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ, ಒಂದು ಚಿತ್ರ, ಬಳಿಕ ಒಂದು ಗಂಟೆಯ ಚರ್ಚೆ. ಭಾಷಣಕಾರರು ಬೇಡ, ಹಾರ ತುರಾಯಿ ಬೇಡ. ಕತೆ ಹೇಳಬಾರದು, ಕಂಡದ್ದನ್ನು ಕನ್ನಡದಲ್ಲೇ ಹೇಳಬೇಕು ಎಂಬ ಎರಡು ನಿಯಮಗಳಿದ್ದರೆ ಸಾಕು. ನಮ್ಮ ಮಕ್ಕಳಿಗೆ ಅಜ್ಜನ ಮಗ್ಗುಲಲ್ಲಿ ಒಂದಿಷ್ಟು ಜಾಗ ದೊರೆತಂತಾದೀತು.